ವಿಂಡೋಸ್ ಸೆಕ್ಯುರಿಟಿ: ಹಸಿರು ಟಿಕ್ ಇದ್ದರೂ ಒಳಗೆ ನೋಡಬೇಕಾದ್ದು ಏನೇನು?

ವಿಂಡೋಸ್ ಸೆಕ್ಯುರಿಟಿ ತೆರೆದು ಹಸಿರು ಟಿಕ್ ಕಂಡರೆ ಬಹಳಷ್ಟು ಮಂದಿ ಅಲ್ಲಿಗೇ ಮುಚ್ಚಿಬಿಡುತ್ತಾರೆ. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ಆನ್ ಇದೆ ಅನ್ನುವುದಷ್ಟೇ ಆ ಟಿಕ್‌ನ ಅರ್ಥ. ಯಾವ ಫೋಲ್ಡರ್‌ಗಳ ತಂಟೆಗೆ ಹೋಗಬೇಡ ಎಂದು ಅದಕ್ಕೆ ಯಾರಾದರೂ ಹೇಳಿಟ್ಟಿದ್ದರೆ, ಟಿಕ್ ನೋಡಿ ಅದು ತಿಳಿಯುವುದಿಲ್ಲ. ಆದ್ದರಿಂದ ಮೊದಲು ನೋಡಬೇಕಾದ್ದು ಎಕ್ಸ್‌ಕ್ಲೂಷನ್ ಪಟ್ಟಿ.

ಸ್ಟಾರ್ಟ್ ಒತ್ತಿ ವಿಂಡೋಸ್ ಸೆಕ್ಯುರಿಟಿ ಎಂದು ಹುಡುಕಿ ತೆರೆಯಿರಿ. ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ → ಮ್ಯಾನೇಜ್ ಸೆಟ್ಟಿಂಗ್ಸ್‌ಗೆ ಹೋಗಿ, ಪುಟದ ಕೆಳಗಿರುವ ಆಡ್ ಆರ್ ರಿಮೂವ್ ಎಕ್ಸ್‌ಕ್ಲೂಷನ್ಸ್ ಒತ್ತಿ. ಮನೆಬಳಕೆಯ ಕಂಪ್ಯೂಟರಿನಲ್ಲಿ ಈ ಪಟ್ಟಿ ಸಾಮಾನ್ಯವಾಗಿ ಖಾಲಿ ಇರಬೇಕು. ಇಡೀ ಸಿ ಡ್ರೈವ್, ಟೆಂಪ್ ಫೋಲ್ಡರ್, ಡೌನ್‌ಲೋಡ್ಸ್ ಅಥವಾ ಹೆಸರೇ ಕೇಳದ ಯಾವುದೋ ಇಎಕ್ಸ್‌ಇ ಫೈಲ್ ಅಲ್ಲಿದ್ದರೆ ಒಂದೊಂದನ್ನೇ ಆರಿಸಿ ರಿಮೂವ್ ಮಾಡಿ. ವಿಂಡೋಸ್ ಅಥವಾ ಆಫೀಸನ್ನು ಲೈಸೆನ್ಸ್ ಇಲ್ಲದೆ ನಡೆಸಲು ಹಾಕುವ ಆಕ್ಟಿವೇಟರ್‌ಗಳು ಹಲವು ಬಾರಿ ಇಲ್ಲಿ ತಮ್ಮ ಹೆಸರು ಸೇರಿಸಿಕೊಳ್ಳುತ್ತವೆ. ಸ್ಕ್ಯಾನ್‌ಗೂ ಮುಂಚೆ ಈ ಪಟ್ಟಿ ಖಾಲಿಯಾಗಬೇಕು. ಇಲ್ಲವಾದರೆ ಗಂಟೆಗಟ್ಟಲೆ ನಡೆದ ಫುಲ್ ಸ್ಕ್ಯಾನ್ ಕೂಡ ಆ ಫೋಲ್ಡರ್‌ಗಳನ್ನು ಮುಟ್ಟದೆ ಮುಂದೆ ಹೋಗುತ್ತದೆ.

ಅದೇ ಮ್ಯಾನೇಜ್ ಸೆಟ್ಟಿಂಗ್ಸ್ ಪುಟದಲ್ಲಿ ರಿಯಲ್-ಟೈಮ್ ಪ್ರೊಟೆಕ್ಷನ್, ಕ್ಲೌಡ್-ಡೆಲಿವರ್ಡ್ ಪ್ರೊಟೆಕ್ಷನ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇರಬೇಕು. ಬೇರೆ ಪ್ರೋಗ್ರಾಂಗಳು ಡಿಫೆಂಡರನ್ನು ಆಫ್ ಮಾಡದಂತೆ ಟ್ಯಾಂಪರ್ ಪ್ರೊಟೆಕ್ಷನ್ ತಡೆಯುತ್ತದೆ. ಆದರೆ ಮನೆಯ ಕಂಪ್ಯೂಟರಿನಲ್ಲಿ ಎಕ್ಸ್‌ಕ್ಲೂಷನ್ ಪಟ್ಟಿಗೆ ಅದರ ಕಾವಲು ಇಲ್ಲ. ಅಡ್ಮಿನ್ ಅನುಮತಿಗೆ ಒಮ್ಮೆ ಯೆಸ್ ಒತ್ತಿದರೆ ಯಾವ ಪ್ರೋಗ್ರಾಂ ಬೇಕಾದರೂ ಅಲ್ಲಿ ಸೇರಿಕೊಳ್ಳಬಹುದು.

ಈ ಸ್ವಿಚ್‌ಗಳೇ ಕಾಣದಿದ್ದರೆ ಬೇರೆ ಆಂಟಿವೈರಸ್ ಇರುವ ಸಾಧ್ಯತೆ ಹೆಚ್ಚು. ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್ ಅವಧಿ ಮುಗಿದು ಹಾಗೆಯೇ ಕುಳಿತಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ಡಿಫೆಂಡರ್ ತಾನಾಗಿ ಕೆಲಸಕ್ಕೆ ಇಳಿಯುತ್ತದೆ. ಆಗಲೂ ಬಾರದಿದ್ದರೆ ಆ ಕಂಪನಿಯದೇ ರಿಮೂವಲ್ ಟೂಲ್ ಬಳಸಿ.

ಸ್ವಿಚ್ ಇದೆ, ಆದರೆ ಮಬ್ಬಾಗಿದೆ, ಪಕ್ಕದಲ್ಲಿ ‘ಅಡ್ಮಿನಿಸ್ಟ್ರೇಟರ್ ನಿರ್ವಹಿಸುತ್ತಿದ್ದಾರೆ’ ಎಂಬರ್ಥದ ಸಾಲು ಇಂಗ್ಲಿಷಿನಲ್ಲಿ ಕಾಣುತ್ತಿದೆ ಎಂದಾದರೆ ಯಾರೋ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಕಡತದಲ್ಲಿ, ಪಾಲಿಸಿ ಬರೆದಿದ್ದಾರೆ. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಮುಟ್ಟಬೇಡಿ, ಅದು ಅವರ ಐಟಿ ವಿಭಾಗದ್ದು. ನಿಮ್ಮದೇ ಕಂಪ್ಯೂಟರ್ ಆಗಿದ್ದರೆ ರಿಜಿಸ್ಟ್ರಿ ಎಡಿಟರ್ ತೆರೆದು ಎಚ್‌ಕೀ ಲೋಕಲ್ ಮೆಷೀನ್ → ಸಾಫ್ಟ್‌ವೇರ್ → ಪಾಲಿಸೀಸ್ → ಮೈಕ್ರೋಸಾಫ್ಟ್ → ವಿಂಡೋಸ್ ಡಿಫೆಂಡರ್ ತನಕ ಹೋಗಿ. ಆ ಕೀ (ಅಲ್ಲಿ ಫೋಲ್ಡರ್‌ನಂತೆ ಕಾಣುವುದು) ಮೇಲೆ ರೈಟ್ ಕ್ಲಿಕ್ ಮಾಡಿ ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಆಮೇಲೆ ಅದರಲ್ಲೂ ಅದರೊಳಗಿನ ರಿಯಲ್-ಟೈಮ್ ಪ್ರೊಟೆಕ್ಷನ್‌ನಲ್ಲೂ ‘ಡಿಸೇಬಲ್’ ಎಂದು ಶುರುವಾಗುವ ನಮೂದುಗಳನ್ನು ಅಳಿಸಿ ರೀಸ್ಟಾರ್ಟ್ ಮಾಡಿ. ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ ರಿಮೂವ್ ಆಗದೆ ಉಳಿದವುಗಳ ಮೂಲವೂ ಇಲ್ಲೇ, ಎಕ್ಸ್‌ಕ್ಲೂಷನ್ಸ್ ಎಂಬ ಒಳಕೀಯಲ್ಲಿ ಇರುತ್ತದೆ.

ಇನ್ನು ಅಪ್‌ಡೇಟ್. ಪ್ರೊಟೆಕ್ಷನ್ ಅಪ್‌ಡೇಟ್ಸ್‌ನಲ್ಲಿ ಚೆಕ್ ಒತ್ತಿದರೂ ಫೇಲ್ ಆಗುತ್ತಿದೆಯೇ? ಟಾಸ್ಕ್‌ಬಾರಿನ ತಾರೀಖು ನೋಡಿ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಒಳಗಿನ ಬ್ಯಾಟರಿ ಸತ್ತಿದ್ದರೆ ಗೋಡೆಯ ಸ್ವಿಚ್ ಆರಿಸಿದಾಗಲೆಲ್ಲ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದ್ದರೆ ಸರ್ವರಿನ ಸರ್ಟಿಫಿಕೇಟ್ ಹೊಂದಿಕೆಯಾಗದೆ ಡೌನ್‌ಲೋಡ್ ನಿಂತುಬಿಡುತ್ತದೆ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ, ಹೆಚ್ಚಿನವುಗಳಲ್ಲಿ ಸಿಆರ್2032, ಬದಲಿಸಿದರೆ ಸರಿಹೋಗುತ್ತದೆ.

ಈಗ ಸ್ಕ್ಯಾನ್. ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಇದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಏಳುವ ಮುನ್ನವೇ ಹುಡುಕುವುದರಿಂದ, ಚಾಲನೆಯಲ್ಲಿದ್ದಾಗ ಬಚ್ಚಿಟ್ಟುಕೊಳ್ಳುವ ಮಾಲ್‌ವೇರ್ ಕೂಡ ಸಿಗುತ್ತದೆ. ಸುಮಾರು 15 ನಿಮಿಷ ಹಿಡಿಯುತ್ತದೆ. ತೆರೆದಿರುವ ಕೆಲಸ ಸೇವ್ ಮಾಡಿ, ಚಾರ್ಜರ್ ಹಾಕಿಯೇ ಶುರುಮಾಡಿ. ಫಲಿತಾಂಶ ಪ್ರೊಟೆಕ್ಷನ್ ಹಿಸ್ಟರಿಯಲ್ಲಿರುತ್ತದೆ.

ಫೈರ್‌ವಾಲ್ ಪುಟದಲ್ಲಿ ಡೊಮೇನ್ (ಆಫೀಸಿನ ನೆಟ್‌ವರ್ಕ್), ಪ್ರೈವೇಟ್ (ಮನೆಯದು), ಪಬ್ಲಿಕ್ (ಹೊರಗಿನದು) ಮೂರೂ ಆನ್ ಇರಲಿ. ಕಂಡಕಂಡ ಪ್ರೋಗ್ರಾಂಗಳಿಗೆ ಅನುಮತಿ ಕೊಟ್ಟಿದ್ದರೆ ಅದೇ ಪುಟದ ರಿಸ್ಟೋರ್ ಫೈರ್‌ವಾಲ್ಸ್ ಟು ಡಿಫಾಲ್ಟ್ ಒತ್ತಿ. ನೀವಾಗಿ ಸೇರಿಸಿದ ಅನುಮತಿಗಳೂ ಹೋಗುತ್ತವೆ, ಹಂಚಿಕೊಂಡ ಪ್ರಿಂಟರ್ ಒಂದಷ್ಟು ಹೊತ್ತು ಸಿಗದೇ ಹೋಗಬಹುದು. ಮತ್ತೆ ಅನುಮತಿ ಕೇಳಿದಾಗ ಪ್ರೈವೇಟ್‌ಗೆ ಮಾತ್ರ ಟಿಕ್ ಹಾಕಿ.

ಆಪ್ ಅಂಡ್ ಬ್ರೌಸರ್ ಕಂಟ್ರೋಲ್‌ನ ರೆಪ್ಯುಟೇಷನ್ ಆಧಾರಿತ ರಕ್ಷಣೆಯನ್ನೆಲ್ಲ ಆನ್ ಮಾಡಿ. ಅಡ್ಮಿನ್ ಅನುಮತಿ ಕೇಳುವ ಯೂಸರ್ ಅಕೌಂಟ್ ಕಂಟ್ರೋಲ್‌ನ (ಇದು ಕಂಟ್ರೋಲ್ ಪ್ಯಾನೆಲ್‌ನಲ್ಲಿದೆ) ಸ್ಲೈಡರ್‌ನಲ್ಲಿ ನಾಲ್ಕು ಹಂತಗಳಿವೆ. ಡಿಫಾಲ್ಟ್ ಇರುವುದು ಮೇಲಿನಿಂದ ಎರಡನೆಯದು. ತೀರಾ ಕೆಳಗಿಳಿಸಿದ್ದರೆ ಅನುಮತಿ ಕೇಳುವ ಪರದೆಯೇ ಬರುವುದಿಲ್ಲ.

ವಿಂಡೋಸ್ 10 ಬಳಸುವವರಿಗೆ ಒಂದು ಮಾತು: ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿಗೆ ವೈರಸ್ ಪಟ್ಟಿ ಬರುತ್ತಿದ್ದರೂ, ವಿಂಡೋಸ್‌ನದೇ ದೋಷಗಳಿಗೆ ಪ್ಯಾಚ್ ಬೇಕಿದ್ದರೆ ವಿಸ್ತರಿತ ಅಪ್‌ಡೇಟ್ ಯೋಜನೆಗೆ ಸೇರಬೇಕು, ಇಲ್ಲವೇ 11ಕ್ಕೆ ಹೋಗಬೇಕು.

ಇಷ್ಟೆಲ್ಲ ಮಾಡಿ ರೀಸ್ಟಾರ್ಟ್ ಆದ ಮೇಲೆ ಸ್ವಿಚ್‌ಗಳು ಮತ್ತೆ ಆಫ್ ಆದರೆ, ಅಥವಾ ಅಳಿಸಿದ ಎಕ್ಸ್‌ಕ್ಲೂಷನ್ ಮತ್ತೆ ಬಂದು ಕುಳಿತರೆ, ಒಳಗೆ ಇನ್ನೂ ಏನೋ ಓಡುತ್ತಿದೆ. ಇನ್ನಷ್ಟು ಟೂಲ್‌ಗಳನ್ನು ಇಳಿಸಿಕೊಂಡು ಸಮಯ ಕಳೆಯಬೇಡಿ. ಫೋಟೋ, ದಾಖಲೆಗಳನ್ನು ಮಾತ್ರ ಬೇರೆ ಡ್ರೈವ್‌ಗೆ ನಕಲು ಮಾಡಿ. ಸೆಟಪ್ ಫೈಲ್‌ಗಳು ಬೇಡ. ವಿಂಡೋಸ್ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ರೀಸೆಟ್ ದಿಸ್ ಪಿಸಿ → ರಿಮೂವ್ ಎವ್ರಿಥಿಂಗ್ → ಕ್ಲೌಡ್ ಡೌನ್‌ಲೋಡ್ ಆರಿಸಿ. ಇದಕ್ಕೆ 4 ಜಿಬಿಗೂ ಹೆಚ್ಚು ಡೇಟಾ ಬೇಕಾಗಬಹುದು, ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೂರಬೇಡಿ. ಅದು ನಡೆಯುತ್ತಿರುವಾಗಲೇ ಫೋನಿನಿಂದ ಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬದಲಿಸಿ.