ಫ್ಯಾನ್ ಕಿತ್ತ ಮೇಲೆ ತಣ್ಣಗಾದ ಆಂಪ್ಲಿಫೈಯರ್

"ಫ್ಯಾನ್ ಇಲ್ಲದೆ ಇದು ವಾರವೂ ಬಾಳಲ್ಲ ಕಣೋ" ಅಂದಿದ್ದ ಗೆಳೆಯ ಮೊನ್ನೆ ಬಂದು ಮೂರು ಗಂಟೆ ಹಾಡು ಕೇಳಿದ. ಹೊರಡುವಾಗ ಶಾಖ ಹೊರಹಾಕುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಮೇಲೆ ಅಂಗೈ ಇಟ್ಟ. ಹತ್ತು ಎಣಿಸುವಷ್ಟು ಹೊತ್ತು ತೆಗೆಯಲೇ ಇಲ್ಲ. ಏನೂ ಮಾತಾಡದೆ ಚಪ್ಪಲಿ ಹಾಕಿಕೊಂಡ. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

ನಾನೇ ಕಟ್ಟಿದ ಈ ಆಂಪ್ಲಿಫೈಯರ್‌ನ ಸರ್ಕ್ಯೂಟ್ ಹವ್ಯಾಸಿಗಳು ಸಾಮಾನ್ಯವಾಗಿ ಕಟ್ಟುವಂಥದ್ದೇ. ಕ್ಲಾಸ್ ಎಬಿ (ಹಾಡಿಲ್ಲದಾಗಲೂ ಸ್ವಲ್ಪ ಕರೆಂಟ್ ಹರಿಯುವ ಬಗೆ), ಪ್ಲಸ್ ಮೈನಸ್ 35 ವೋಲ್ಟ್ ಸಪ್ಲೈ, ಚಾನೆಲ್‌ಗೆ ಒಂದು ಜೋಡಿ ಔಟ್‌ಪುಟ್ ಟ್ರಾನ್ಸಿಸ್ಟರ್ ಅಂದರೆ 2ಎಸ್‌ಸಿ5200 ಮತ್ತು 2ಎಸ್‌ಎ1943, ಎಮಿಟರ್‌ನಲ್ಲಿ 0.22 ಓಮ್ ರೆಸಿಸ್ಟರ್, ಆ ಸ್ವಲ್ಪ ಕರೆಂಟ್ ಅಂದರೆ ಬಯಾಸ್ ಹೊಂದಿಸಲು, ಬಿಸಿಯಾದರೆ ತಗ್ಗಿಸಲು ಬಿಡಿ139 ಅನ್ನುವ ಸಣ್ಣ ಟ್ರಾನ್ಸಿಸ್ಟರ್.

ಮೊದಲ ಸಲ ತಣ್ಣಗಿದ್ದಾಗಲೇ ಬಯಾಸ್ ಹೊಂದಿಸಿದೆ. ಎಮಿಟರ್ ರೆಸಿಸ್ಟರ್ ಮೇಲೆ 20 ಮಿಲಿವೋಲ್ಟ್, ಅಂದರೆ 90 ಮಿಲಿಆಂಪ್ ಆಸುಪಾಸು. ಅರ್ಧ ಗಂಟೆ ಹಾಡು ಹಾಕಿ ನೋಡಿದರೆ 60 ಮಿಲಿವೋಲ್ಟ್ ದಾಟಿತ್ತು. ಹಾಲು ಉಕ್ಕುವಾಗ ಆಗುತ್ತಲ್ಲ, ಹಾಗೆ. ಮೊದಲು ನಿಧಾನ, ಆಮೇಲೆ ಸ್ವಿಚ್‌ಗೆ ಕೈ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಟ್ರಾನ್ಸಿಸ್ಟರ್ ಶಾರ್ಟ್ ಆಗಿ ಸ್ಪೀಕರ್‌ಗೆ ನೇರ ಡಿಸಿ ನುಗ್ಗಿ ವೂಫರ್ ಕಾಯಿಲ್ ಸುಟ್ಟಿತು. ಡಿಸಿ ಬಂದರೆ ಸ್ಪೀಕರ್ ಸಂಪರ್ಕ ಕಡಿಯುವ ಪ್ರೊಟೆಕ್ಷನ್ ರಿಲೇ ಆಮೇಲೆ ಹಾಕೋಣ ಅಂತ ಬಿಟ್ಟಿದ್ದೆ. ಆ ಒಂದು ವೂಫರಿನ ದುಡ್ಡಲ್ಲಿ ಹತ್ತು ರಿಲೇ ಬರುತ್ತಿತ್ತು.

ಹೀಟ್‌ಸಿಂಕ್ ಸಾಲದು ಅಂತ ಎಲ್ಲರೂ ಹೇಳಿದರು. ದೊಡ್ಡದನ್ನು ತಂದೆ. ಅದರ ಬೆಲೆ ಟ್ರಾನ್ಸ್‌ಫಾರ್ಮರ್ ಬಿಟ್ಟು ಉಳಿದೆಲ್ಲ ಸಾಮಾನಿಗೆ ಸಮ. ಮತ್ತೆ ಅದೇ ಕತೆ, ಈ ಸಲ ಹತ್ತು ನಿಮಿಷ ತಡವಾಗಿ. ಫ್ಯಾನ್ ಹಾಕಿದೆ. 12 ವೋಲ್ಟ್ ಫ್ಯಾನ್ 7 ವೋಲ್ಟ್‌ನಲ್ಲಿ ಓಡಿಸಿದರೆ ಸದ್ದು ಕಡಿಮೆ, ನಿಜ. ಆದರೆ ರಾತ್ರಿ ಮೆಲ್ಲಗೆ ಹಾಡು ಕೇಳುವಾಗ ಅದೂ ಕೇಳುತ್ತೆ, ಆರು ತಿಂಗಳಲ್ಲಿ ಹೀಟ್‌ಸಿಂಕ್‌ನ ರೆಕ್ಕೆಗಳ (ಫಿನ್) ಸಂದೆಲ್ಲ ಧೂಳು. ನಾಲ್ಕು ಜೋಡಿ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋದ ಮೇಲೆ ಲೆಕ್ಕ ಬರೆಯುವುದನ್ನೇ ಬಿಟ್ಟೆ.

ತಪ್ಪು ಇದ್ದಿದ್ದು ಬಿಡಿ139 ಕೂತಿದ್ದ ಜಾಗದಲ್ಲಿ. ಅದನ್ನು ಹೀಟ್‌ಸಿಂಕ್‌ನ ಅಂಚಿನಲ್ಲಿ ಬಿಗಿದಿದ್ದೆ, ಬೋರ್ಡಿಗೆ ಹತ್ತಿರ ಅಂತ. ಔಟ್‌ಪುಟ್ ಟ್ರಾನ್ಸಿಸ್ಟರ್ ಒಳಗೆ ಕ್ಷಣದಲ್ಲಿ ಬಿಸಿಯಾಗುತ್ತೆ, ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್‌ನಂತೆ ಅದರ ವಿಬಿಇ (ಬೇಸ್-ಎಮಿಟರ್ ವೋಲ್ಟೇಜ್) ಇಳಿಯುತ್ತೆ, ಬಯಾಸ್ ತಗ್ಗಿಸದಿದ್ದರೆ ಕರೆಂಟ್ ಏರುತ್ತೆ. ಆ ಸುದ್ದಿ ಅಲ್ಯೂಮಿನಿಯಂ ದಾಟಿ ಬಿಡಿ139ಗೆ ಮುಟ್ಟುವಷ್ಟರಲ್ಲಿ ಕಾಲು ಗಂಟೆ. ಹೀಟ್‌ಸಿಂಕ್ ದೊಡ್ಡದಾದಷ್ಟೂ ಸುದ್ದಿ ತಡ.

ಹಾಗಾಗಿ ಬಿಡಿ139 ಅನ್ನು ಅಲ್ಲಿಂದ ಕಿತ್ತು 2ಎಸ್‌ಸಿ5200ನ ಮುಖದ ಮೇಲೇ ಕೂರಿಸಿದೆ, ಪ್ಲಾಸ್ಟಿಕ್ ಬದಿಗೆ. "ಪ್ಲಾಸ್ಟಿಕ್ ಮೇಲೆ ಏನು ಶಾಖ ಸಿಗುತ್ತೆ?" ಅಂತ ನಕ್ಕವರೇ ಹೆಚ್ಚು. ಹೀಟ್‌ಸಿಂಕ್‌ಗಿಂತ ಬೇಗ ಸಿಗುತ್ತೆ. ಬಿಡಿ139ನ ಹಿಂಬದಿ ಲೋಹ ಕಲೆಕ್ಟರ್ ಅನ್ನುವುದು ನೆನಪಿರಲಿ, ಒತ್ತುವ ಕ್ಲಿಪ್ ಅದಕ್ಕೆ ತಾಗಬಾರದು. ವೈರ್ ಮೂರನ್ನೂ ಹೆಣೆದು, ಕಲೆಕ್ಟರ್-ಎಮಿಟರ್ ನಡುವೆ 0.1 ಮೈಕ್ರೋಫ್ಯಾರಡ್ ಹಾಕಿ, ಇಲ್ಲದಿದ್ದರೆ ಆಸಿಲೇಷನ್ (ಸರ್ಕ್ಯೂಟ್ ತಾನಾಗೇ ಕಂಪಿಸುವುದು) ಬೇರೆ ಕಾಟ ಕೊಡುತ್ತೆ. ಬಯಾಸ್ ತಿರುಗಿಸಿ ಹೊಂದಿಸುವ ಪ್ರಿಸೆಟ್ ರೆಸಿಸ್ಟರ್ ಬೇಸ್-ಎಮಿಟರ್ ಬದಿಗಿರಲಿ. ಅದರ ತಿರುಗುವ ಕಡ್ಡಿ (ವೈಪರ್) ಸಂಪರ್ಕ ಬಿಟ್ಟುಹೋದರೆ ಬಯಾಸ್ ಬೀಳುತ್ತೆ, ಏರುವುದಿಲ್ಲ. ನನ್ನ ಎರಡನೇ ಜೋಡಿ ಸತ್ತಿದ್ದು ಅದು ಇನ್ನೊಂದು ಬದಿಗಿದ್ದದ್ದಕ್ಕೆ.

ಮೊದಲು ಹೀಗೆ ಮಾಡಿದಾಗ ಅತಿಯಾಯಿತು: ಬಿಸಿಯಾದಂತೆ ಬಯಾಸ್ 20ರಿಂದ 8ಕ್ಕೆ ಇಳಿಯಿತು, ಮೆಲ್ಲನೆ ದನಿಯಲ್ಲಿ ಹಾಡು ಒರಟಾಯಿತು. ಅದನ್ನು ಸರಿಪಡಿಸಲು ಬಿಡಿ139 ಸುತ್ತ ಒಂದು ಸಣ್ಣ ಬದಲಾವಣೆ ಮಾಡಿದ್ದೇನೆ. ಎರಡು ವಾರ ತಲೆ ಕೆರೆದುಕೊಂಡು ಸಿಕ್ಕಿದ್ದು, ಅದು ನನ್ನ ಬಳಿಯೇ ಇರಲಿ. ಈಗ ತಣ್ಣಗಿದ್ದಾಗ 22, ಬಿಸಿಯಾದಾಗ 19.

ನಡುವೆ ಮಾಡಿದ ಮಂಗಾಟಗಳೂ ಉಂಟು. ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್ ಹಚ್ಚಿದೆ. ನಾಲ್ಕು ದಿನ ಚೆನ್ನಾಗಿತ್ತು, ಆಮೇಲೆ ಒಣಗಿ ಸುಣ್ಣದ ಪುಡಿಯಂತೆ ಉದುರಿತು. ದಪ್ಪ ಸಿಲಿಕೋನ್ ಪ್ಯಾಡ್ ಹಾಕಿ 20 ವ್ಯಾಟ್ ಸುಟ್ಟಾಗ ಟ್ರಾನ್ಸಿಸ್ಟರಿಗೂ ಹೀಟ್‌ಸಿಂಕ್‌ಗೂ 12 ಡಿಗ್ರಿ ಅಂತರ ಬಂತು. ಮೈಕಾ (ವಿದ್ಯುತ್ ತಡೆಯುವ ತೆಳು ಹಾಳೆ), ಎರಡೂ ಬದಿಗೆ ತೆಳ್ಳಗೆ ಪೇಸ್ಟ್: ಅಂತರ ಐದಾರು. ಆದರೆ ಡ್ರಿಲ್ ಮಾಡಿದ ತೂತಿನ ಅಂಚನ್ನು ಬೆರಳಿಂದ ಸವರಿ ನೋಡಿ. ಕೂದಲೆಳೆಯಷ್ಟು ಮುಳ್ಳು ಉಳಿದು ಮೈಕಾ ತೂರಿ ನನ್ನ ಫ್ಯೂಸ್ ಹಾರಿಸಿತ್ತು. ಅವತ್ತು ಕರೆಂಟ್ ಮಿತಿಯಲ್ಲಿಡುವ ಸೀರೀಸ್ ಬಲ್ಬ್ ಹಾಕಿರಲಿಲ್ಲ.

ಇನ್ನೊಂದು, ಟೆಸ್ಟ್ ಮಾಡಿದ್ದೇ ತಪ್ಪಾಗಿತ್ತು. ಸ್ಪೀಕರ್ ಬದಲಿಗೆ ಜೋಡಿಸುವ 8 ಓಮ್ ಡಮ್ಮಿ ಲೋಡ್‌ಗೆ ಪೂರ್ತಿ ಪವರ್ ಕೊಟ್ಟು "ನೋಡಿ, ತಡೆಯಿತು" ಅಂತ ಬೀಗಿದ್ದೆ. ಕ್ಲಾಸ್ ಎಬಿ ಅತಿ ಹೆಚ್ಚು ಬಿಸಿಯಾಗುವುದು ಪೂರ್ತಿ ಪವರ್‌ನಲ್ಲಲ್ಲ, ಶೇಕಡಾ 40ರ ಹತ್ತಿರ. ನನ್ನ ವೋಲ್ಟೇಜ್‌ಗೆ ಅಲ್ಲಿ ಚಾನೆಲ್‌ಗೆ 30 ವ್ಯಾಟ್ ಶಾಖ, ಪೂರ್ತಿಯಲ್ಲಿ 20 ಚಿಲ್ಲರೆ. ನಾನು ಸುಲಭದ ಪರೀಕ್ಷೆ ಪಾಸಾಗಿ ಮೆರೆದಿದ್ದೆ.

ಬಯಾಸ್ ಏರಿಳಿಯದೆ ಸ್ಥಿರವಾದ ಮೇಲೆ ಫ್ಯಾನ್ ಕಿತ್ತೆ. ಫಿನ್‌ಗಳನ್ನು ಲಂಬವಾಗಿ ನಿಲ್ಲಿಸಿ, ಪೆಟ್ಟಿಗೆಯ ಕಾಲು ಎರಡು ಬೆರಳು ಎತ್ತರಿಸಿದೆ. ಮೊದಲು ಅಡ್ಡ ಇದ್ದವು, ಅಷ್ಟಕ್ಕೇ ಎಂಟು ಡಿಗ್ರಿ ಇಳಿಯಿತು. ಮೇಲಿನ ಮುಚ್ಚಳದ ತೂತುಗಳ ಜಾಗವನ್ನು ಊದುಬತ್ತಿ ಹೊಗೆ ನೋಡಿ ಗುರುತು ಮಾಡಿದೆ, ಎಲ್ಲಿ ಹೊಗೆ ಸುತ್ತಿ ನಿಲ್ಲುತ್ತೋ ಅಲ್ಲೇ ಕೊರೆದೆ. ಈಗ ಹಾಡಿಲ್ಲದಿದ್ದಾಗ ಕೋಣೆಗಿಂತ ಏಳೆಂಟು ಡಿಗ್ರಿ ಜಾಸ್ತಿ, ಮೂರು ಗಂಟೆ ಜೋರಾಗಿ ಬಾರಿಸಿದರೆ ಹದಿನೆಂಟು ಇಪ್ಪತ್ತು.

ಎಡ ಚಾನೆಲ್ ಮಾತ್ರ ಬಲಕ್ಕಿಂತ ಮೂರು ಡಿಗ್ರಿ ಬಿಸಿ. ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್ ಕೂತಿದೆ. ಅದನ್ನು ಸರಿಸಬೇಕಂದರೆ ಇಡೀ ವೈರಿಂಗ್ ಬಿಚ್ಚಬೇಕು, ಸದ್ಯಕ್ಕೆ ನಡುವೆ ಒಂದು ತಗಡು ನಿಲ್ಲಿಸಿದ್ದೇನೆ.