ಹಲಾಯ್‌ಗೆ ಬೀಟ್ ಕೂರಿಸಿದ್ದು ಹೀಗೆ

ಹಲಾಯ್ ಅಂದರೆ ಟರ್ಕಿಯ ಮದುವೆಗಳಲ್ಲಿ ಸಾಲಾಗಿ ನಿಂತು ಕುಣಿಯುವ ಜನಪದ ಕುಣಿತ. ಅದಕ್ಕೆ ನಾನು ಬೀಟ್ ಕೂರಿಸಲು ಹೊರಟಾಗ "ಇದಕ್ಕೆ ಯಾರಯ್ಯಾ ಕುಣೀತಾರೆ?" ಎಂದು ನಕ್ಕಿದ್ದ ದಾವುಲ್ ಉಸ್ತಾ, ಅಂದರೆ ದೊಡ್ಡ ಡೋಲು ಬಾರಿಸುವ ಮೇಸ್ಟ್ರು, ಈಗ ಮದುವೆ ಸೀಸನ್ ಬಂತೆಂದರೆ ಟ್ರ್ಯಾಕ್ ಕಳಿಸು ಅಂತ ತಾವೇ ಫೋನ್ ಮಾಡುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಇಸ್ತಾಂಬುಲ್‌ನಲ್ಲಿ ಮ್ಯೂಸಿಕ್ ಅರೇಂಜರ್ ಆಗಿ ನಾನು ಮಾಡಿದ ಮೊದಲ ಹಲಾಯ್ ತೋಪಾಯಿತು. ನಿಮಿಷಕ್ಕೆ 120 ಪೆಟ್ಟಿನ ಒಂದೇ ವೇಗಕ್ಕೆ ಕ್ಲಿಕ್ (ಟಿಕ್ ಟಿಕ್ ತಾಳ) ಹಾಕಿ, ಅದರ ಮೇಲೆ ನಮ್ಮ ಶಹನಾಯಿಯಂಥ ಜುರ್ನಾ ಊದಿಸಿದ್ದೆ. ಸ್ಟುಡಿಯೋದಲ್ಲಿ ಸಖತ್ತಾಗಿತ್ತು. ಮದುವೆ ಹಾಲ್‌ನಲ್ಲಿ ಕಿರುಬೆರಳು ಹೆಣೆದು ನಿಂತವರು ಎರಡೇ ನಿಮಿಷಕ್ಕೆ ಒಬ್ಬೊಬ್ಬರಾಗಿ ಕೈ ಬಿಟ್ಟು ಕುರ್ಚಿ ಹಿಡಿದರು. ಸಾಲಿನ ತುದಿಯಲ್ಲಿ ನಿಂತು ಕುಣಿತ ನಡೆಸುವ ಹಲಾಯ್‌ಬಾಶಿ ಕರವಸ್ತ್ರ ಬೀಸುತ್ತಲೇ ನನಗೆ ಕೈ ಮೇಲೆತ್ತಿ ತೋರಿಸಿದ. ವಾಲ್ಯೂಮ್ ಏರಿಸಿದೆ. ಪಾಪ, ಅವನು ಕೇಳಿದ್ದು ವೇಗ! ಟರ್ಕಿಯ ಸಿವಾಸ್ ಕಡೆಯ ಹಲಾಯ್ ನಿಧಾನಕ್ಕೆ ಶುರುವಾಗಿ ಏರುತ್ತ ಹೋಗಿ ಕೊನೆಗೆ ನೆಗೆತಕ್ಕೆ ಬರುತ್ತದೆ. ನಾನು ಅದಕ್ಕೆ ಇಸ್ತ್ರಿ ಹಾಕಿಬಿಟ್ಟಿದ್ದೆ.

ಸ್ಟುಡಿಯೋ ಬಾಡಿಗೆ, ಜುರ್ನಾದವರ ಸಂಭಾವನೆ ಸೇರಿ ನಮ್ಮ ಲೆಕ್ಕದಲ್ಲಿ ಅರವತ್ತು ಸಾವಿರದ ಹತ್ತಿರ ಹೋಯಿತು. ಬಂದಿದ್ದು ಒಂದು ಊಟ.

ಎರಡನೇ ಸಲ ಉದ್ದ ಕತ್ತಿನ ತಂತಿವಾದ್ಯ ಬಾಲಾಮಾ ಕೈಕೊಟ್ಟಿತು. ಅದರ 'ಸಿ' ಸ್ವರ (ದೊ-ರೆ-ಮಿಯ ಸಿ, ಇಂಗ್ಲಿಷ್‌ನ B) ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಕೀಬೋರ್ಡ್ ಪ್ಯಾಡ್ ಜೊತೆ ಹಲ್ಲು ಜುಮ್ಮೆನ್ನಿಸುವಂತೆ ಜಗಳಕ್ಕಿಳಿಯಿತು. ಕೀಬೋರ್ಡ್‌ನ 'ಸಿ'ಯನ್ನು ಸುಮಾರು 40 ಸೆಂಟ್ (ಅರ್ಧ ಸ್ವರಕ್ಕೆ ನೂರು ಸೆಂಟ್) ಇಳಿಸಿದೆ. ಆಮೇಲೆ ಪ್ಯಾಡ್‌ನಿಂದ ಆ ಸ್ವರವನ್ನೇ ಕಿತ್ತು ಬರೀ 'ಲಾ', 'ಮಿ' ಉಳಿಸಿದೆ. ಶ್ರುತಿ ಪೆಟ್ಟಿಗೆ ಕೇಳಿ ಬೆಳೆದವರಿಗೆ ಇದು ಮೊದಲೇ ಹೊಳೆಯಬೇಕಿತ್ತು, ಅಲ್ವಾ?

ಕೊನೆಗೆ ಕ್ಲಿಕ್ ಬಿಸಾಕಿದೆ. ಆರು ಜನ ಕುಣಿಯುವವರನ್ನು ಉಸ್ತಾ ಮುಂದೆ ನಿಲ್ಲಿಸಿ, ಅವರ ಕಾಲು ನೋಡಿಕೊಂಡು ಬಾರಿಸಿ ಎಂದೆ. 75ರ ಹತ್ತಿರ ಶುರುವಾಗಿದ್ದು 135 ದಾಟಿತು. ದಪ್ಪ ಕೋಲಿನ, ಅಂದರೆ ಟೊಕ್ಮಾಕ್‌ನ ಒಂದೊಂದು ಪೆಟ್ಟನ್ನೂ ಗುರುತು ಮಾಡಿ ಟೆಂಪೋ ಮ್ಯಾಪ್, ಅಂದರೆ ವೇಗ ಏರುವ ನಕ್ಷೆ, ತೆಗೆದೆ. ಕಿಕ್ ಡ್ರಮ್, ಬೇಸ್ ಎಲ್ಲ ಅದರ ಹಿಂದೆ. ಸಣ್ಣ ಕಡ್ಡಿಯ ಚಟಪಟ ಮುಟ್ಟಲಿಲ್ಲ. ಕಿಕ್ ಎಷ್ಟು ಹಿಂದೆ ಅನ್ನೋದು ನನ್ನ ಹೊಟ್ಟೆಪಾಡು, ಹೇಳಲ್ಲ.

ನಡುವೆ ಸುಮ್ನೆ ಕಪ್ಪು ಸಮುದ್ರ ತೀರದ ಹೊರೊನ್ ಕುಣಿತಕ್ಕೂ ಕೈ ಹಾಕಿದ್ದೆ. ಅದರ ತಾಳ ಎರಡು-ಎರಡು-ಮೂರು, ಅಂದರೆ ತಕ ತಕ ತಕಿಟ. ಚಿಕ್ಕಂದಿನ ಮೃದಂಗದ ಪಾಠ ಆ ದಿನ ಅನ್ನ ಹಾಕಿತು. ಆದರೆ ಆ ಕಡೆಯ ಪಿಟೀಲಿನಂಥ ಕೆಮೆಂಚೆ ಮೇಲೆ ಸಿಂಥ್ ಬೇಸ್ ಹಾಕಿದ್ದಕ್ಕೆ ಅದೇ ತೀರದ ಟ್ರಾಬ್ಜಾನ್ ಊರಿನ ಹುಡುಗರು ಬಿಟ್ಟರೆ ಯಾರೂ ಎದ್ದೇಳಲಿಲ್ಲ. ಡ್ರೈವ್‌ನಲ್ಲಿ ಬಿದ್ದಿದೆ.

ವೇಗ ಬದಲಾದರೆ ಮಿಕ್ಸ್ ಮಾಡೋದು ಹೇಗೆ ಅಂತ ಡಿಜೆಗಳು ಗೊಣಗಿದರು. ಅವರಿಗೆ ಕೊನೆಯ ಒಂದೂವರೆ ನಿಮಿಷವನ್ನು ಒಂದೇ ವೇಗಕ್ಕೆ ತಂದು ಬೇರೆಯಾಗಿ ಕೊಟ್ಟೆ. ದುಡ್ಡು ಜಾಸ್ತಿ ಬಂದಿದ್ದು ಅದರಿಂದಲೇ. ಉಸ್ತಾಗೆ ಇನ್ನೂ ಗೊತ್ತಿಲ್ಲ.