ಅಮ್ಮನ ಡಬ್ಬಿ: ಬಿಸಿ ನನ್ನದು, ತಣ್ಣಗಿರೋದು ಮಕ್ಕಳದು

ಮಂಡ್ಯದಿಂದ ಮದ್ದೂರು ಕಡೆ ಗಾರ್ಮೆಂಟ್ಸಿಗೆ ಹೋಗುವವರ ಡಬ್ಬಿ ಬೆಳಿಗ್ಗೆ 7ಕ್ಕೆಲ್ಲ ಮುಚ್ಚಿರಬೇಕು, ತೆಗೆಯೋದು ಮಧ್ಯಾಹ್ನ ಒಂದರ ಹೊತ್ತಿಗೆ. ಆರು ಗಂಟೆ ಕಾಲ ಅನ್ನ ಕೆಡಬಾರದು, ಬಸ್ಸಿನ ನೂಕಾಟದಲ್ಲಿ ಸಾರು ಸೋರಬಾರದು. ಊಟದ ಬಿಡುವು ಅಂತ ಸಿಗೋದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲೇ ಕೈ ತೊಳೆಯೋ ಸಾಲೂ ಸೇರುತ್ತೆ. ಅದಕ್ಕೇ ನಮ್ಮನೇಲಿ ತೆಗೆದ ತಕ್ಷಣ ತಿನ್ನೋ ಹಾಗಿರೋದನ್ನೇ ಕಟ್ಟೋದು.

ನಮ್ಮನೆಯಿಂದ ಗಾರ್ಮೆಂಟ್ಸಿಗೆ ಹೋಗೋ ಅಮ್ಮನ ಡಬ್ಬಿಗೆ ದೊಡ್ಡವಳು (11 ವರ್ಷ), ಚಿಕ್ಕವನು (7) ಇಬ್ಬರೂ ಕೈ ಹಾಕ್ತಾರೆ. ಕುಕ್ಕರು, ಒಗ್ಗರಣೆ, ಈಳಿಗೆಮಣೆ ಮಾತ್ರ ನನ್ನ ಪಾಲಿಗೆ. ಬೆಳಿಗ್ಗೆ ಆತುರದಲ್ಲಿ ಮಕ್ಕಳಿಗೆ ಕೆಲಸ ಹೇಳಿದರೆ ಬೈಗುಳವೇ ಜಾಸ್ತಿ ಆಗುತ್ತೆ, ಅದಕ್ಕೆ ಅವರ ಅರ್ಧ ಕೆಲಸ ರಾತ್ರಿಯೇ ಮುಗಿಸಬೇಕು.

ಚಿಕ್ಕವನ ರಾತ್ರಿ ಕೆಲಸ ಮುಚ್ಚಳದ್ದು. ಒಳಗಿನ ಬಿಳಿ ರಬ್ಬರ್ ರಿಂಗನ್ನು ಚಮಚದ ಹಿಡಿಯಿಂದ ಎಬ್ಬಿಸಬೇಕು. ಚಾಕು ಹಾಕಿದರೆ ರಿಂಗ್ ಹರಿಯುತ್ತೆ, ಆಮೇಲೆ ಎಷ್ಟು ಒತ್ತಿ ಮುಚ್ಚಿದರೂ ಸೋರುತ್ತೆ. ಸೋಪು ಹಾಕಿ ತೊಳೆದು ಬಟ್ಟೇಲಿ ಒರೆಸಿ ಆರೋಕೆ ಬಿಡಬೇಕು. ಒದ್ದೆ ಇದ್ದಾಗಲೇ ಕೂರಿಸಿದರೆ ಮರುದಿನ ಮುಚ್ಚಳ ತೆಗೆದ ಕೂಡಲೇ ಮುಗ್ಗಲು ವಾಸನೆ. ಮತ್ತೆ ಕೂರಿಸಿದ ಮೇಲೆ ಪರೀಕ್ಷೆ: ಡಬ್ಬಿಗೆ ಅರ್ಧ ನೀರು ಹಾಕಿ, ಮುಚ್ಚಿ, ಸಿಂಕಿನ ಮೇಲೆ ತಲೆಕೆಳಗು ಹಿಡಿದು 20ರವರೆಗೆ ಎಣಿಸೋದು. ಒಂದೇ ಕಡೆ ಹನಿ ಬಂದರೆ ರಿಂಗ್ ಅಲ್ಲಿ ತಿರುಚಿಕೊಂಡಿದೆ. ಸುತ್ತಲೂ ಬಂದರೆ ರಿಂಗ್ ಸಡಿಲಾಗಿದೆ, ಪಾತ್ರೆ ಅಂಗಡಿಯಿಂದ ಅದೇ ಅಳತೆಯದು ತರಬೇಕು. ಈ ಎಣಿಕೆಯನ್ನ ಯಾವ ಹುಡುಗನೂ ಬೇಡ ಅನ್ನಲ್ಲ.

ಬೆಳಿಗ್ಗೆ ದೊಡ್ಡವಳದು ಮೊಸರನ್ನ. ಒಬ್ಬರಿಗೆ ಅರ್ಧ ಲೋಟ ಅಕ್ಕಿ, 2 ಲೋಟ ನೀರು, ಮೆತ್ತಗೆ ಬೇಯಬೇಕು. ಅನ್ನವನ್ನ ನಾನು ಅಗಲವಾದ ತಟ್ಟೆಗೆ ಸುರಿದು ಕೊಡ್ತೀನಿ. ಸೌಟಿನ ಬೆನ್ನಲ್ಲಿ ಮಸೆದು, ಬೆರಳಿಗೆ ಉಗುರುಬೆಚ್ಚಗೆ ಅನಿಸಿದ ಮೇಲೆ ಕಾಯಿಸಿ ಆರಿಸಿದ ಹಾಲು 1 ಲೋಟ, ಮೊಸರು 2 ಚಮಚ, ಉಪ್ಪು ಅರ್ಧ ಚಮಚ. ಅನ್ನ ಸುಡುತ್ತಿರುವಾಗ ಮೊಸರು ಬಿದ್ದರೆ ಒಡೆಯುತ್ತೆ, ಹಾಲೂ ಹೆಪ್ಪಾಗಲ್ಲ. ಮಾರ್ಚಿಂದ ಮೇವರೆಗೆ ಮೊಸರು 1 ಚಮಚ ಸಾಕು, ಇಲ್ಲದಿದ್ದರೆ ಮಧ್ಯಾಹ್ನಕ್ಕೆ ಹುಳಿ ತಲೆಗೇರುತ್ತೆ. ಕಲಸಿದಾಗ ಇದು ನೀರುನೀರಾಗಿ ಕಾಣಬೇಕು. ಮಕ್ಕಳು ಇಲ್ಲೇ ಎಡವೋದು. ಜಾಸ್ತಿ ತೆಳ್ಳಗಾಯ್ತು ಅಂತ ಹಾಲು ಕಡಿಮೆ ಮಾಡ್ತಾರೆ, ಒಂದು ಗಂಟೆಗೆ ತೆಗೆದರೆ ಅದು ಕಲ್ಲು ಉಂಡೆ. ಅನ್ನ ಹಾಲು ಹೀರುತ್ತೆ ಅಂತ ಒಂದು ಸಲ ತೋರಿಸಿಬಿಟ್ಟರೆ ಮತ್ತೆ ಹೇಳೋದೇ ಬೇಡ. ಸೌತೆಕಾಯಿ ಬೆರೆಸಬಾರದು, ಉಪ್ಪು ತಗುಲಿ ನೀರು ಬಿಡುತ್ತೆ. ಒಗ್ಗರಣೆ ನಾನು ಹಾಕಿ, ಆರಿದ ಮೇಲೆ ಅವಳ ಕೈಗೆ.

ಚಿತ್ರಾನ್ನದ ದಿನ 1 ಲೋಟ ಅಕ್ಕಿಗೆ ದೊಡ್ಡ ನಿಂಬೆಹಣ್ಣು ಒಂದು. ರಸವನ್ನ ಚಹಾ ಸೋಸೋ ಜಾಲರಿ ಮೇಲೆ ಹಿಂಡಿಸಿ, ಬೀಜ ಬಿದ್ದರೆ ಕಹಿ. ಒಲೆ ಆರಿಸಿ ಬಾಣಲೆ ಕೆಳಗಿಟ್ಟ ಮೇಲಷ್ಟೇ ರಸ, ಉರಿಯ ಮೇಲೆ ಹಾಕಿದರೆ ರುಚಿ ಕೆಡುತ್ತೆ.

ತುಂಬೋ ಮುಂಚೆ ಇನ್ನೊಂದು ಪರೀಕ್ಷೆ ಇದೆ. ಒಣ ಮುಚ್ಚಳವನ್ನ ಅನ್ನದ ಮೇಲೆ ಕವುಚಿ ಹಿಡಿದು 10 ಎಣಿಸಿ, ತಿರುಗಿಸಿ ನೋಡೋದು. ಒಳಗೆ ಮಂಜು ಕಟ್ಟಿದರೆ ಇನ್ನೂ ಮುಚ್ಚೋ ಹಾಗಿಲ್ಲ. ಮುಚ್ಚಿದರೆ ಆ ಹಬೆ ಹನಿಯಾಗಿ ಅನ್ನದ ಮೇಲೇ ಬಿದ್ದು ಮಧ್ಯಾಹ್ನಕ್ಕೆ ಲೋಳೆ, ವಾಸನೆ. ಹಾಗಂತ ಗಂಟೆಗಟ್ಟಲೆ ತೆರೆದಿಡಬೇಡಿ, ತಟ್ಟೆಯಲ್ಲಿ ಹರಡಿ ಫ್ಯಾನ್ ಹಾಕಿದರೆ ಬೇಗ ಆರುತ್ತೆ. ರಾತ್ರಿಯಿಡೀ ಹೊರಗಿದ್ದ ಅನ್ನ ಮಾತ್ರ ಡಬ್ಬಿಗೆ ಬೇಡವೇ ಬೇಡ. ಅನ್ನ ಬೆಂದರೂ ಸಾಯದ ಬ್ಯಾಕ್ಟೀರಿಯಾ ಇವೆ, ಅವು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ.

ಮಂಡ್ಯದವರಾಗಿ ಮುದ್ದೆ ಹಾಕಲ್ವಾ ಅಂತ ಕೇಳ್ತಾರೆ. ಆರಿದ ಮುದ್ದೆಯ ಮೇಲ್ಪದರ ಗಟ್ಟಿಯಾಗಿ ನುಂಗೋಕೆ ಆಗಲ್ಲ, ಅದನ್ನ ರಾತ್ರಿ ಮನೇಲೇ ಉಣ್ಣೋದು ವಾಸಿ. ಅದರ ಬದಲು ರಾಗಿ ರೊಟ್ಟಿ, ಜೊತೆಗೆ ಚಿಕ್ಕ ಡಬ್ಬಿಯಲ್ಲಿ ಬಸ್ಸಾರು. ಸಾರು ಮುಕ್ಕಾಲು ಮಾತ್ರ, ಅದೂ ಆರಿಸಿ. ಕುದಿಯೋದನ್ನ ತುಂಬಿ ಬಿಗಿದರೆ ಆರುತ್ತಾ ಮುಚ್ಚಳ ಒಳಗೆ ಎಳೆದುಕೊಂಡು ಎಷ್ಟು ತಿರುಗಿಸಿದರೂ ಬರಲ್ಲ.

ಚೀಲಕ್ಕೆ ಜೋಡಿಸೋದು ಮತ್ತೆ ಚಿಕ್ಕವನೇ: ತಳದಲ್ಲಿ ನೇರವಾಗಿ ಸಾರು, ಅದರ ಮೇಲೆ ಅನ್ನ, ಪಕ್ಕದ ಜೇಬಲ್ಲಿ ಚಮಚ, ಕೈ ಒರೆಸೋ ಬಟ್ಟೆ, ಏಲಕ್ಕಿ ಬಾಳೆಹಣ್ಣು. ಹಣ್ಣು ಡಬ್ಬಿಯ ಜೊತೆ ಸೇರಿದರೆ ಒತ್ತಿಕೊಂಡು ಕಪ್ಪಾಗುತ್ತೆ.

ಸಂಜೆ ಡಬ್ಬಿ ತೆಗೆಯೋದೂ ಮಕ್ಕಳೇ. ಏನು ಉಳಿದು ಬಂದಿದೆ ಅಂತ ಅವರೇ ನೋಡಿದರೆ ನಾಳೆಯ ಅಳತೆ ಅವರೇ ಹೇಳ್ತಾರೆ: ಪಲ್ಯ ಉಳಿದಿದ್ದರೆ ಒಂದು ಸೌಟು ಕಡಿಮೆ, ಉಪ್ಪಿನಕಾಯಿ ಖಾಲಿ ಆಗಿದ್ದರೆ ಇನ್ನೊಂದು ಹೋಳು.